ರೂಪ ಬದಲಿಸುವ ಮುನ್ನ: ಕ್ರೈಸ್ತ ವಿಶ್ವಾಸಿ ತೂಗಿ ನೋಡುವ ಬಗೆ

ಕೂದಲಿಗೆ ಬಣ್ಣ ಹಚ್ಚಬಹುದೇ, ಮೂಗಿನ ಸರ್ಜರಿ ಪಾಪವೇ ಎಂಬ ಪ್ರಶ್ನೆ ಬಂದಾಗಲೆಲ್ಲ 1 ಪೇತ್ರ 3:3 ಹೊರಬರುತ್ತದೆ. ಜಡೆ ಹೆಣೆಯುವುದು, ಚಿನ್ನ ತೊಡುವುದು, ವಸ್ತ್ರ ಧರಿಸುವುದು ನಿಮ್ಮ ಅಲಂಕಾರವಾಗದಿರಲಿ ಎನ್ನುತ್ತದೆ ಆ ವಚನ. ಇದನ್ನೇ ನೇರ ನಿಷೇಧವೆಂದು ಹಿಡಿದರೆ ಬಟ್ಟೆಯನ್ನೂ ಬಿಡಬೇಕಾದೀತು! ಆದ್ದರಿಂದ 4ನೇ ವಚನವನ್ನೂ ಸೇರಿಸಿಯೇ ಓದಿ. ಸೌಂದರ್ಯದ ಬೇರು ಶಾಂತವಾದ ಒಳಮನಸ್ಸಿನಲ್ಲಿರಲಿ ಎಂಬುದು ಅಲ್ಲಿನ ಮಾತು.

ಇಸ್ರಾಯೇಲಿನ ರಾಣಿ ಈಜೆಬೆಲಳ ಕಾಡಿಗೆಯನ್ನೂ (2 ಅರಸು 9:30) ಬಹಳ ಮಂದಿ ತಪ್ಪಾಗಿ ಎಳೆದು ತರುತ್ತಾರೆ. ಅವಳ ಅಪರಾಧ ದ್ರಾಕ್ಷಿತೋಟದ ಒಡೆಯ ನಾಬೋತನ ಕೊಲೆ, ಕಣ್ಣಿನ ಕಪ್ಪಲ್ಲ. ಬೈಬಲ್ ನೀತಿವಂತನೆಂದು ಕರೆಯುವ ಯೋಬನ ಮೂರನೆಯ ಮಗಳ ಹೆಸರಿನ ಅರ್ಥವೇ ‘ಕಾಡಿಗೆಯ ಕೊಂಬು’. ಉಪವಾಸದ ದಿನವೂ ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಳ್ಳಿ ಎಂದವನು ಯೇಸು (ಮತ್ತಾಯ 6:17).

ಇನ್ನು ನಿಮ್ಮ ಆಸೆಯ ಕಡೆಗೆ ಬನ್ನಿ. ಒಂದು ಹಾಳೆಯಲ್ಲಿ ಎರಡೇ ಸಾಲು ಬರೆಯಿರಿ: ಏನನ್ನು ಬದಲಿಸಬೇಕು, ಯಾರ ಕಣ್ಣಿಗಾಗಿ. ಎರಡನೆಯ ಸಾಲಿನಲ್ಲಿ ‘ನನಗಾಗಿ’ ಎಂದು ಬರೆದು ಮುಗಿಸಬೇಡಿ, ಕನ್ನಡಿಯ ಮುಂದೆ ನಿಂತಾಗ ಯಾರ ಮಾತು ಕಿವಿಯಲ್ಲಿ ಕೇಳುತ್ತದೋ ಅವರ ಹೆಸರು ಬರೆಯಿರಿ. ನಂತರ 13ನೇ ಶತಮಾನದ ದೇವತಾಶಾಸ್ತ್ರಜ್ಞ ತೋಮಸ್ ಅಕ್ವಿನಾಸ್ ಎಳೆದ ಗೆರೆ ಉಪಯೋಗಕ್ಕೆ ಬರುತ್ತದೆ: ಇಲ್ಲದ ಚೆಲುವನ್ನು ಉಂಟೆಂದು ತೋರಿಸುವುದು ಒಂದು, ಕಾಯಿಲೆಯಂಥ ಕಾರಣದಿಂದ ಬಂದ ವಿಕಾರವನ್ನು ಮರೆಮಾಡುವುದು ಇನ್ನೊಂದು. ಸುಟ್ಟ ಗಾಯದ ಕಲೆ, ಕ್ಯಾನ್ಸರ್ ನಂತರ ಸ್ತನದ ಮರುನಿರ್ಮಾಣ, ಸೀಳುತುಟಿ ಇವೆಲ್ಲ ಎರಡನೆಯ ಕಡೆಗೆ ಸೇರುತ್ತವೆ. ಇವಕ್ಕೆ ಅಪರಾಧಭಾವ ಬೇಕಿಲ್ಲ.

ಆಮೇಲೆ, ಹಿಂದಕ್ಕೆ ಬರಲು ದಾರಿ ಇದೆಯೇ ಎಂದು ಅಳೆಯಿರಿ. ಲಿಪ್‌ಸ್ಟಿಕ್ ರಾತ್ರಿಯೇ ತೊಳೆದುಹೋಗುತ್ತದೆ. ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುವುದರಿಂದ ಬಣ್ಣ ತಾನಾಗಿ ಕೆಳಗಿಳಿಯುತ್ತದೆ. ಸುಕ್ಕು ಮರೆಸುವ ಬೊಟಾಕ್ಸ್ ಚುಚ್ಚುಮದ್ದಿನ ಪರಿಣಾಮ ಸಾಮಾನ್ಯವಾಗಿ 3–4 ತಿಂಗಳಿಗೆ ಇಳಿಯುತ್ತದೆ, ಅಂದರೆ ಒಂದು ಸಲ ಶುರುಮಾಡಿದರೆ ವರ್ಷಕ್ಕೆ ಮೂರು ನಾಲ್ಕು ಸಲ ಖರ್ಚು. ಕತ್ತರಿಸಿದ ಮೂಳೆ ಮಾತ್ರ ಮೊದಲಿನಂತಾಗದು. ಅಂಥ ಸರ್ಜರಿಯ ಯೋಚನೆಯಿದ್ದರೆ ಆ ಹಾಳೆಯನ್ನು ಮೂರು ತಿಂಗಳು ಬೈಬಲ್ಲಿನೊಳಗಿಟ್ಟು ಮತ್ತೆ ಓದಿ. ದೂರು ಅಷ್ಟರಲ್ಲಿ ಮೂಗಿನಿಂದ ಗಲ್ಲಕ್ಕೆ ಹೋಗಿದ್ದರೆ, ಅಥವಾ ದಿನಕ್ಕೆ ಗಂಟೆಗಟ್ಟಲೆ ಕನ್ನಡಿಯಲ್ಲೇ ಕಳೆದುಹೋಗುತ್ತಿದ್ದರೆ, ಸರ್ಜನ್‌ಗಿಂತ ಮೊದಲು ಮನೋವೈದ್ಯರನ್ನು ಕಾಣಿ. ಬರೀ ಪ್ರಾರ್ಥನೆ ಮಾಡಿ ಎಂದು ಅಂಥವರನ್ನು ಸಾಗಹಾಕುವುದು ತಪ್ಪು.

ಮೈಬಣ್ಣ ಬಿಳಿಮಾಡುವ ಕ್ರೀಮಿನ ವಿಷಯದಲ್ಲಿ ಮಾತ್ರ ನಮ್ಮ ಸಲಹೆ ನೇರ: ಬೇಡ. ಪರಮಗೀತೆ 1:5ರ ಹುಡುಗಿ ತನ್ನ ಕಪ್ಪನ್ನೂ ಚೆಲುವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾಳೆ, ಕ್ಷಮೆ ಕೇಳುವುದಿಲ್ಲ. ಮನೆಯಲ್ಲಿ ಈಗಾಗಲೇ ಟ್ಯೂಬ್ ಇದ್ದರೆ ಹಿಂಬದಿಯ ಸಣ್ಣಕ್ಷರ ಓದಿ. ಕ್ಲೋಬೆಟಸಾಲ್, ಬೀಟಾಮೆಥಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಮೊದಲ ವಾರಗಳಲ್ಲಿ ಮುಖ ತಿಳಿಯಾಗುತ್ತದೆ, ಆಮೇಲೆ ಚರ್ಮ ತೆಳುವಾಗಿ ರಕ್ತನಾಳಗಳು ಕಾಣತೊಡಗುತ್ತವೆ, ನಿಲ್ಲಿಸಿದರೆ ಉರಿ, ಕೆಂಪು, ಮೊಡವೆ. ಹೀಗಾಗುವುದರಿಂದಲೇ ಜನ ಮತ್ತೆ ಅದನ್ನೇ ಹಚ್ಚುತ್ತಾರೆ. ಬಹುಕಾಲದಿಂದ ಹಚ್ಚುತ್ತಿದ್ದರೆ ಬಿಡುವ ಕ್ರಮವನ್ನು ಚರ್ಮವೈದ್ಯರಿಂದಲೇ ತಿಳಿಯಿರಿ. ಮರ್ಕ್ಯುರಿ ಅಥವಾ ಕ್ಯಾಲೊಮೆಲ್ ಎಂದಿದ್ದರೆ ಪಾದರಸ, ಮೂತ್ರಪಿಂಡಕ್ಕೇ ಹಾನಿ. ಅದನ್ನು ಅಂದೇ ನಿಲ್ಲಿಸಿ. ಪದಾರ್ಥಗಳ ಪಟ್ಟಿಯೇ ಇಲ್ಲದ ಡಬ್ಬಿಯನ್ನು ಮುಟ್ಟಲೇಬೇಡಿ.

ನರೆಗೂದಲನ್ನು ಜ್ಞಾನೋಕ್ತಿ 16:31 ಕಿರೀಟ ಎನ್ನುತ್ತದೆ. ಆದರೂ ಬಣ್ಣ ಹಚ್ಚಿದವರಿಗೆ ಅಲ್ಲೇನೂ ಶಿಕ್ಷೆ ಹೇಳಿಲ್ಲ. ಹಚ್ಚುವುದಾದರೆ 48 ಗಂಟೆ ಮೊದಲು ಕಿವಿಯ ಹಿಂದೆ ಚೂರು ಹಚ್ಚಿ ನೋಡಿ, ಹಲವು ಕೂದಲ ಬಣ್ಣಗಳಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಕೆಲವರ ಮುಖವನ್ನೇ ಊದಿಸಿಬಿಡುತ್ತದೆ. ‘ಬ್ಲ್ಯಾಕ್ ಹೆನ್ನಾ’ ಎಂದು ಮಾರುವುದರಲ್ಲೂ ಹಲವು ಸಲ ಅದು ಇರುತ್ತದೆ.

ಈಗಾಗಲೇ ಸರ್ಜರಿ ಮಾಡಿಸಿಕೊಂಡವರು ಸಭೆಗೆ ಬಂದರೆ ಅವರ ಮುಖದ ಬಗ್ಗೆ ಮಾತೆತ್ತಬೇಡಿ. ಉಡುಗೆ ನೋಡಿ ಒಬ್ಬನಿಗೆ ಒಳ್ಳೆಯ ಪೀಠ, ಇನ್ನೊಬ್ಬನಿಗೆ ನೆಲ ತೋರಿಸುವವರನ್ನು ಯಾಕೋಬ 2:2–4 ಗದರಿಸುತ್ತದೆ. ಮೂಗು ನೋಡಿ ಅಳೆಯುವವರಿಗೂ ಆ ಗದರಿಕೆ ತಗಲುತ್ತದೆ.