ಇಲಿಮರಿಯ ಬಿಪಿ ನೋಡುವಾಗ ತಾಯಿಯೂ ಲೆಕ್ಕಕ್ಕೆ ಬರ್ತಾಳೆ

ಹುಟ್ಟಿದ ಮೇಲೆ ಮರಿಯ ಬಿಪಿ ಹೇಗೆ ಹತೋಟಿಗೆ ಬರುತ್ತದೆ ಅನ್ನೋದು ನನ್ನ ಪಿಎಚ್‌ಡಿ ವಿಷಯ. ಇಲಿಯೇ ಯಾಕೆ? ಕುರಿಮರಿ ಹುಟ್ಟಿದ ಸ್ವಲ್ಪ ಹೊತ್ತಿಗೇ ಎದ್ದು ನಿಲ್ಲುತ್ತದೆ. ಒತ್ತಡ ಏರಿದ ಕೂಡಲೇ ಎದೆಬಡಿತ ಇಳಿಸುವ ಬ್ಯಾರೋರಿಫ್ಲೆಕ್ಸ್ ಅದಕ್ಕೆ ತಾಯಿಯ ಹೊಟ್ಟೆಯಲ್ಲೇ ಕೆಲಸ ಮಾಡುತ್ತಿರುತ್ತದೆ. ಇಲಿಮರಿಗೆ ಕಣ್ಣು ಬಿಡೋಕೇ ಎರಡು ವಾರ ಬೇಕು, ಮರಿ ಹುಟ್ಟಿದ ಮೇಲೂ ಅದರ ಕಿಡ್ನಿಯಲ್ಲಿ ರಕ್ತ ಸೋಸುವ ಪುಟ್ಟ ಘಟಕಗಳು, ಅಂದರೆ ನೆಫ್ರಾನ್‌ಗಳು, ಹೊಸದಾಗಿ ಆಗುತ್ತಲೇ ಇರುತ್ತವೆ. ಹಾಗಾಗಿ ಆ ಬೆಳವಣಿಗೆ ನಮ್ಮ ಕಣ್ಣೆದುರಿಗೇ ನಡೆಯುತ್ತದೆ.

ಪ್ರಾಣಿ ಪ್ರಯೋಗದ ಸಮಿತಿಯ ಒಪ್ಪಿಗೆ ಸಿಕ್ಕ ಮೇಲೆ ನಿಜವಾದ ತಲೆನೋವು ಶುರು. ದೊಡ್ಡ ಇಲಿಗಾದರೆ ಬಾಲಕ್ಕೆ ಪಟ್ಟಿ ಸುತ್ತಿ ಬಿಪಿ ನೋಡಬಹುದು. ಮೊದಲ ವಾರದ ಮರಿಗೆ ಅದು ಆಗದ ಮಾತು. ಅರಿವಳಿಕೆ ಕೊಟ್ಟು, ಮೈಕ್ರೋಸ್ಕೋಪ್ ಕೆಳಗೆ ಕುತ್ತಿಗೆಯ ಕ್ಯಾರೋಟಿಡ್ ರಕ್ತನಾಳಕ್ಕೆ ಸಣ್ಣ ಟ್ಯೂಬ್ ತೂರಿಸಬೇಕು. ಆರು ಗ್ರಾಂ ಮರಿಯ ಮೈಯಲ್ಲಿ ಇರೋ ರಕ್ತವೇ ಅರ್ಧ ಮಿ.ಲೀ.ಗಿಂತ ಕಡಿಮೆ, ಒಂದು ಹನಿ ಹೋದರೂ ನೀವು ಅಳೆಯುತ್ತಿರೋದು ಬಿಪಿಯಲ್ಲ, ರಕ್ತಸ್ರಾವದ ಪರಿಣಾಮ! ಟ್ಯೂಬ್ ಇಷ್ಟು ಸಣ್ಣಗಿರುವಾಗ ಒಂದು ಗಾಳಿಗುಳ್ಳೆ ಸಾಕು, ರೆಕಾರ್ಡ್ ಆಗುವ ಒತ್ತಡದ ಅಲೆಯ ತುದಿ ಚಪ್ಪಟೆಯಾಗಿ ಮೇಲಿನ ಬಿಪಿ ಕಡಿಮೆ ತೋರಿಸುತ್ತದೆ. ಅದಕ್ಕೇ ನಾನು ಸರಾಸರಿ ಒತ್ತಡವನ್ನು ಮಾತ್ರ ನಂಬುತ್ತೇನೆ. ದೊಡ್ಡ ಇಲಿಯಲ್ಲಿ ಅದು ಪಾದರಸದ 100 ಮಿ.ಮೀ. ಆಚೀಚೆ ಇರುತ್ತದೆ, ಮೊದಲ ವಾರದ ಮರಿಯಲ್ಲಿ ಅದರ ಅರ್ಧವೂ ಇರೋದಿಲ್ಲ.

ಆಮೇಲೆ ರಕ್ತನಾಳ ಬಿಗಿಸುವ ಫಿನೈಲೆಫ್ರಿನ್ ಅನ್ನೋ ಔಷಧಿ ಕೊಟ್ಟು ಒತ್ತಡ ಏರಿಸಿ ನೋಡುತ್ತೇನೆ. ದೊಡ್ಡ ಇಲಿಯಲ್ಲಿ ಎದೆಬಡಿತ ತಕ್ಷಣ ಇಳಿಯುತ್ತದೆ. ಎಳೆಮರಿಯಲ್ಲಿ ಒತ್ತಡ ಏರುತ್ತದೆ, ಹೃದಯ ಮಾತ್ರ ಕ್ಯಾರೇ ಅನ್ನೋದಿಲ್ಲ. ಎದೆಬಡಿತ ಇಳಿಸುವ ವೇಗಸ್ ನರದ ಹಿಡಿತ ಬಲವಾಗೋಕೆ ವಾರಗಳೇ ಬೇಕು. ಅರಿವಳಿಕೆ ಕೂಡ ಈ ರಿಫ್ಲೆಕ್ಸನ್ನು ಮಂಕು ಮಾಡುತ್ತದಲ್ವಾ, ಅದಕ್ಕೆ ಸ್ವಲ್ಪ ದೊಡ್ಡ ಮರಿಗಳನ್ನು ಪೂರ್ತಿ ಎಚ್ಚರವಾದ ಮೇಲೆಯೇ ರೆಕಾರ್ಡ್ ಮಾಡುತ್ತೇನೆ.

ಇಷ್ಟೆಲ್ಲಾ ಸರಿಯಿದ್ದರೂ ಒಂದು ವಿಷಯ ಬಿಟ್ಟರೆ ಅಂಕಿಗೆ ಅರ್ಥವಿಲ್ಲ: ಮರಿ ತಾಯಿಯಿಂದ ದೂರವಾಗಿ ಎಷ್ಟು ಹೊತ್ತಾಯಿತು, ಹೊಟ್ಟೆಯಲ್ಲಿ ಹಾಲಿದೆಯಾ? ಅಮೆರಿಕದ ಸಂಶೋಧಕ ಮೈರನ್ ಹೋಫರ್ 1970ರ ದಶಕದ ಆರಂಭದಲ್ಲೇ ಇದನ್ನು ತೋರಿಸಿದ್ದರು. ಎರಡು ವಾರದ ಮರಿಯನ್ನು ಒಂದು ದಿನ ತಾಯಿಯಿಂದ ಬೇರೆ ಇಟ್ಟರೆ ಎದೆಬಡಿತ ಸುಮಾರು 40% ಇಳಿಯುತ್ತದೆ, ಬರೀ ಬೆಚ್ಚಗಿಟ್ಟರೆ ಸಾಲದು, ಹೊಟ್ಟೆಗೆ ಹಾಲು ಬೀಳಬೇಕು. ಅಂದರೆ ಆ ವಯಸ್ಸಿನಲ್ಲಿ ಎದೆಬಡಿತ ಏರಿಸುವ ಸಿಂಪಥೆಟಿಕ್ ನರದ ಒತ್ತಾಸೆಯನ್ನು ಎತ್ತಿ ಹಿಡಿದಿರೋದು ಹಾಲು. ಮೊದಲ ದಿನಗಳ ಮರಿಗೆ ಎಳೆ ಚರ್ಮದ ಮೂಲಕ ಹೊಟ್ಟೆಯ ಬಿಳಿ ಹಾಲು ಕಾಣುತ್ತದೆ, ಸುಮ್ನೆ ತಿರುಗಿಸಿ ನೋಡಿ ಬರೆದುಕೊಂಡರೆ ಆಯಿತು. ದೊಡ್ಡದಾದ ಮೇಲೆ ತೂಕ, ಬೇರ್ಪಡಿಸಿದ ಸಮಯ ಎರಡೂ ಬೇಕು. ಮೈಬಿಸಿಯನ್ನೂ ಅಳೆಯಿರಿ, ಮರಿ ಬೇಗ ತಣ್ಣಗಾಗುತ್ತದೆ, ತಣ್ಣಗಾದರೆ ಬಡಿತ ನಿಧಾನವಾಗುತ್ತದೆ.

ತಾಯಿಯ ಪ್ರಭಾವ ಅಲ್ಲಿಗೇ ಮುಗಿಯಲ್ಲ. ಹುಟ್ಟಿನಿಂದಲೇ ಬಿಪಿ ಏರುವ ಗುಣ ಇರುವ, 1963ರಲ್ಲಿ ಕ್ಯೋಟೋದಿಂದ ವರದಿಯಾದ ಎಸ್‌ಎಚ್‌ಆರ್ ತಳಿಯ ಮರಿಗಳನ್ನು ಸಾಮಾನ್ಯ ತಳಿಯ ತಾಯಿ ಸಾಕಿದರೆ ದೊಡ್ಡವಾದಾಗ ಅವುಗಳ ಬಿಪಿ ಸ್ವಲ್ಪ ಕಡಿಮೆಯೇ ಇರುತ್ತದೆ. ಅದಕ್ಕೇ ಎಲ್ಲ ಮರಿಗೂ ಹಾಲು, ಆರೈಕೆ ಒಂದೇ ತರ ಸಿಗಲಿ ಅಂತ ನಾನು ಪ್ರತಿ ತಾಯಿಗೆ ಎಂಟೇ ಮರಿ ಬಿಡುತ್ತೇನೆ. ಒಂದೇ ತಾಯಿಯ ಮರಿಗಳ ಮೇಲೆ ಒಂದೇ ಪ್ರಭಾವ ಇರೋದರಿಂದ, ಲೆಕ್ಕ ಹಾಕುವಾಗಲೂ ಆ ಎಂಟನ್ನು ಎಂಟು ಅಂತ ಎಣಿಸೋದಿಲ್ಲ, ಒಂದು ಅಂತಲೇ ಹಿಡಿಯುತ್ತೇನೆ. ಅಂಕಿಗಳು ಕಡಿಮೆಯಾಗುತ್ತವೆ, ಗೈಡ್ ಮುಖ ಸಪ್ಪಗಾಗುತ್ತದೆ, ಆದರೂ ಅದೇ ಸರಿ.