ಬೂದು ಪೊರೆಯ ಕೆಳಗಿನ ಚಿನ್ನ

ನಾನು ಯಾರ ನೆರವೂ ಇಲ್ಲದೆ ಎಚ್ಚಿಂಗ್ ಮಾಡಿದ ಮೊದಲ ಚಿನ್ನ 14 ಕ್ಯಾರಟ್‌ನದು. ಬೆಸುಗೆಯ ಪಕ್ಕದಲ್ಲಿ ಬಿರುಕು ಬಿಟ್ಟಿದ್ದ ಉಂಗುರದ ಒಂದು ತುಂಡು. ಎಚ್ಚಿಂಗ್ ಎಂದರೆ ಪಾಲಿಶ್ ಮಾಡಿದ ಲೋಹದ ಮೇಲ್ಮೈಯನ್ನು ದ್ರಾವಣದಿಂದ ತುಸುವೇ ಕರಗಿಸಿ, ಅದರ ಒಳರಚನೆ ಸೂಕ್ಷ್ಮದರ್ಶಕದಲ್ಲಿ ಕಾಣುವಂತೆ ಮಾಡುವುದು. ಚಿನ್ನವನ್ನು ಕರಗಿಸುವುದು ಅಕ್ವಾ ರೀಜಿಯಾ ಎಂಬುದಷ್ಟೇ ಆಗ ನನ್ನ ತಲೆಯಲ್ಲಿತ್ತು. ಮೂರು ಪಾಲು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಒಂದು ಪಾಲು ನೈಟ್ರಿಕ್ ಆಮ್ಲ ಸೇರಿಸಿ, ದ್ರಾವಣ ಕಿತ್ತಳೆ ಬಣ್ಣಕ್ಕೆ ತಿರುಗುವವರೆಗೆ ಕಾದು, ಮಾದರಿಯನ್ನು ಅದ್ದಿದೆ. ಲೋಹದೊಳಗಿನ ಪುಟ್ಟ ಹರಳುಗಳ, ಅಂದರೆ ಕಣಗಳ, ಗಡಿ ಕಾಣಬೇಕಾದಲ್ಲಿ ಬೂದು ಬಣ್ಣದ ಪೊರೆ ಕವಿಯಿತು. ಹೊತ್ತು ಸಾಲದೇನೋ ಎಂದು ಮತ್ತೆ ಅದ್ದಿದೆ. ಪೊರೆ ದಪ್ಪವಾಯಿತು, ಅಷ್ಟೇ. ಸೂಕ್ಷ್ಮದರ್ಶಕದ ದೀಪದ ಕೆಳಗಿಟ್ಟಾಗ ಅದು ನಿಧಾನವಾಗಿ ಕಪ್ಪಾಗತೊಡಗಿತು. ಬೆಳಕಿಗೆ ಕಪ್ಪಾಗುವ ಆ ಗುಣವೇ ಉತ್ತರ ಹೇಳಿತು. ಅದು ಸಿಲ್ವರ್ ಕ್ಲೋರೈಡ್. ಆ ಮಿಶ್ರಲೋಹದಲ್ಲಿ ಸುಮಾರು ಕಾಲು ಪಾಲು ಬೆಳ್ಳಿಯಿತ್ತು. ಆಮ್ಲದ ಕ್ಲೋರೈಡ್ ಬೆಳ್ಳಿಯನ್ನು ಹಿಡಿದು, ನೀರಿನಲ್ಲಿ ಕರಗದ ಹೊದಿಕೆಯಾಗಿ ಚಿನ್ನದ ಮೇಲೆಯೇ ಕೂರಿಸಿತ್ತು.

ಅಂದಿನಿಂದ ದ್ರಾವಣ ಆರಿಸುವಾಗ ನಾನು ಮೊದಲು ನೋಡುವುದು ಚಿನ್ನವನ್ನಲ್ಲ, ಅದರ ಜೊತೆಗೆ ಬೆರೆತ ಲೋಹವನ್ನು. ದ್ರಾವಣ ಏನನ್ನು ಕರಗಿಸುತ್ತದೆ ಎಂಬುದರಷ್ಟೇ ಮುಖ್ಯ, ಏನನ್ನು ಹಿಂದೆ ಬಿಟ್ಟುಹೋಗುತ್ತದೆ ಎಂಬುದು. ಅಪರಂಜಿಗೂ ತಾಮ್ರ ಬೆರೆತ ಕೆಂಪು ಚಿನ್ನಕ್ಕೂ ಅಕ್ವಾ ರೀಜಿಯಾ ಚೆನ್ನಾಗಿ ಒಗ್ಗುತ್ತದೆ. ಬೆಳ್ಳಿಯ ಪಾಲು ಹೆಚ್ಚಾದಂತೆ ಅದು ಕೈಕೊಡುತ್ತದೆ.

ಪೊರೆಯನ್ನು ಅಮೋನಿಯಾದಲ್ಲಿ ತೊಳೆದರೆ ಸಿಲ್ವರ್ ಕ್ಲೋರೈಡ್ ಕರಗಿಹೋಗುತ್ತದೆ. ಇದು ಸುಲಭದ ಉಪಾಯವೆಂದು ಯಾರಾದರೂ ಕೈಹಾಕುವ ಮುನ್ನ ಒಂದು ಮಾತನ್ನು ಒತ್ತಿ ಹೇಳಬೇಕು. ಚಿನ್ನ ಕರಗಿರುವ ಆಮ್ಲದ ಶೇಷಕ್ಕೆ ಅಮೋನಿಯಾ ತಾಗಿದರೆ ಸ್ಫೋಟಕ ಸ್ವಭಾವದ ಚಿನ್ನದ ಸಂಯುಕ್ತ ಹುಟ್ಟಬಹುದು. ಅದು ಒಣಗಿದ ಮೇಲೆ ಸಣ್ಣ ಉಜ್ಜುವಿಕೆ ಸಾಕು. ಆದ್ದರಿಂದ ಬಟ್ಟಿ ಇಳಿಸಿದ ನೀರಿನಲ್ಲಿ ಮತ್ತೆ ಮತ್ತೆ ತೊಳೆದ ನಂತರವೇ ನಾನು ಅಮೋನಿಯಾ ಮುಟ್ಟಿಸುತ್ತೇನೆ. ಎರಡರ ತ್ಯಾಜ್ಯವನ್ನು ಒಂದೇ ಪಾತ್ರೆಗೆ ಎಂದೂ ಸುರಿಯುವುದಿಲ್ಲ.

ಬೆಳ್ಳಿಗೆ ನನ್ನ ನೆಚ್ಚಿನ ದ್ರಾವಣ ಅಮೋನಿಯಾ ಮತ್ತು ಹೈಡ್ರೋಜನ್ ಪೆರಾಕ್ಸೈಡ್. 50 ಮಿಲಿಲೀಟರ್ ಅಮೋನಿಯಾ ದ್ರಾವಣಕ್ಕೆ ಶೇ 3ರ ಪೆರಾಕ್ಸೈಡ್ 20ರಿಂದ 50 ಮಿಲಿಲೀಟರ್. ಕೆಲವು ಸೆಕೆಂಡುಗಳಲ್ಲೇ ಕೆಲಸ ಶುರುವಾಗುತ್ತದೆ. ಪೆರಾಕ್ಸೈಡ್ ಹಳತಾದರೆ ಕಸುವು ಕಳೆದುಕೊಳ್ಳುತ್ತದೆ. ನಿನ್ನೆ ಇಪ್ಪತ್ತು ಸೆಕೆಂಡಿಗೆ ಬಂದ ಫಲ ಇಂದು ಒಂದು ನಿಮಿಷಕ್ಕೂ ಬಾರದಿದ್ದರೆ ಲೋಹವನ್ನು ಸಂದೇಹಿಸುವ ಮೊದಲು ಬಾಟಲಿಯನ್ನು ಸಂದೇಹಿಸುತ್ತೇನೆ. ಈ ದ್ರಾವಣವನ್ನು ಆಯಾ ಹೊತ್ತಿಗೆ ಬೇಕಾದಷ್ಟೇ ಕಲಸುತ್ತೇನೆ, ಮುಚ್ಚಳ ಬಿಗಿಯುವುದಿಲ್ಲ. ಒಳಗೆ ಆಮ್ಲಜನಕ ಬಿಡುಗಡೆಯಾಗುತ್ತಲೇ ಇರುತ್ತದೆ. ಬೆಳ್ಳಿ ಕರಗಿದ ಅಮೋನಿಯಾವನ್ನು ರಾತ್ರಿಯಿಡೀ ಬಿಟ್ಟರೆ ಅಲ್ಲೂ ಸ್ಫೋಟಕ ಕೆಸರು ಕೂಡಬಹುದು. ಹಾಗಾಗಿ ಕೆಲಸ ಮುಗಿದ ಕೂಡಲೇ ಅದನ್ನು ವಿಲೇವಾರಿ ಮಾಡಿಯೇ ಮೇಜು ಬಿಡುತ್ತೇನೆ.

ಇದೇ ದ್ರಾವಣದಲ್ಲಿ ನಾನು ಒಮ್ಮೆ ತಪ್ಪು ತೀರ್ಪನ್ನೂ ಕೊಟ್ಟೆ. ನೂರಕ್ಕೆ 92.5 ಪಾಲು ಬೆಳ್ಳಿ, ಉಳಿದದ್ದು ತಾಮ್ರವಿರುವ ಒಂದು ಎರಕದ ತುಂಡು. ಎಚ್ಚಿಂಗ್ ನಂತರ ಹೊರ ಅಂಚಿನುದ್ದಕ್ಕೂ ಸಣ್ಣ ಸಣ್ಣ ರಂಧ್ರಗಳು ಕಂಡವು. ಎರಕದಲ್ಲಿ ಅನಿಲ ಸಿಕ್ಕಿಕೊಂಡಿದೆ ಎಂದು ವರದಿ ಬರೆದೆ. ಹಿರಿಯ ಸಹೋದ್ಯೋಗಿಯೊಬ್ಬರು ಓದಿ, “ಎಚ್ಚಿಂಗ್‌ಗೆ ಮೊದಲು ನೋಡಿದ್ದಿರಾ?” ಎಂದು ಕೇಳಿದರು. ನೋಡಿರಲಿಲ್ಲ. ಮತ್ತೆ ಪಾಲಿಶ್ ಮಾಡಿ, ಯಾವ ದ್ರಾವಣವನ್ನೂ ಸೋಕಿಸದೆ ನೋಡಿದಾಗ ಆ ಜಾಗಗಳಲ್ಲೆಲ್ಲ ಬೂದು ಚುಕ್ಕೆಗಳಿದ್ದವು. ಕಾಯಿಸುವಾಗ ಒಳಕ್ಕೆ ಇಳಿದ ಆಮ್ಲಜನಕದಿಂದ ಆದ ತಾಮ್ರದ ಆಕ್ಸೈಡ್ ಅದು. ಅಮೋನಿಯಾ ಅದನ್ನು ಕರಗಿಸಿ ಖಾಲಿ ಗುಳಿಯನ್ನಷ್ಟೇ ಉಳಿಸಿತ್ತು. ದೋಷ ಎರಕದ್ದಲ್ಲ, ಕಾಯಿಸಿದ ಕ್ರಮದ್ದು. ಆ ವರದಿಯನ್ನು ಹಿಂದಕ್ಕೆ ಪಡೆದು ಬೇರೆ ಬರೆದೆ. ಈಗ ಪಾಲಿಶ್ ಆದ ಸ್ಥಿತಿಯ ಚಿತ್ರ ತೆಗೆಯದೆ ದ್ರಾವಣದ ಬಾಟಲಿ ತೆರೆಯುವುದಿಲ್ಲ. ಎಷ್ಟೋ ಸಲ ಬೇಕಾದ ಉತ್ತರ ಅಲ್ಲಿಯೇ ಸಿಕ್ಕಿಬಿಡುತ್ತದೆ.

ದ್ರಾವಣದ ಮೇಲೆ ಹೊರಿಸುವ ತಪ್ಪುಗಳಲ್ಲಿ ಬಹುಪಾಲು ಪಾಲಿಶ್‌ನವು ಎಂದು ನನಗೆ ಅನ್ನಿಸುತ್ತದೆ. ಕಾಯಿಸಿ ಮೆದುವಾಗಿಸಿದ ಅಪರಂಜಿಯ ಗಡಸುತನ ವಿಕರ್ಸ್ ಅಳತೆಯಲ್ಲಿ ಸುಮಾರು 25 ಮಾತ್ರ. ಸಿಲಿಕಾನ್ ಕಾರ್ಬೈಡ್ ಕಾಗದದ ಹರಳುಗಳು ಅದರೊಳಗೆ ನಾಟಿಕೊಂಡು ಕೂರುತ್ತವೆ. ಮೇಲ್ಪದರ ಬೆಣ್ಣೆಯಂತೆ ಸವರಿ ಹರಡಿ ಗೀರುಗಳನ್ನೇ ಮುಚ್ಚಿಹಾಕುತ್ತದೆ. ಕನ್ನಡಿಯಂತೆ ಹೊಳೆಯುವ ಮೇಲ್ಮೈ ಎಚ್ಚಿಂಗ್ ಆದೊಡನೆ ಗೀರುಗಳ ಕಾಡಾಗುತ್ತದೆ. ಇಂಥ ಲೋಹಕ್ಕೆ ನಾನು ಭಾರ ಕಡಿಮೆ ಮಾಡಿ, ವಜ್ರದ ಪುಡಿಯಲ್ಲಿ 6, 3, 1 ಮೈಕ್ರಾನ್‌ವರೆಗೆ ಇಳಿದು, ಕೊನೆಗೆ ಕೊಲಾಯ್ಡಲ್ ಸಿಲಿಕಾದಲ್ಲಿ (ಅತಿ ನುಣುಪಾದ ಸಿಲಿಕಾ ಕಣಗಳು ತೇಲುವ ದ್ರವ) ಬಹಳ ಹೊತ್ತು ತಿಕ್ಕುತ್ತೇನೆ. ಬಳಿಕ ಹಗುರವಾಗಿ ಎಚ್ಚಿಂಗ್, ಮತ್ತೆ ಪಾಲಿಶ್, ಮತ್ತೆ ಎಚ್ಚಿಂಗ್. ಈ ಆವರ್ತನ ಮೂರು ಸಲವಾದರೂ ಆಗಬೇಕು. ಕೆಟ್ಟ ಪದರ ಹೋಗಿ ನಿಜವಾದ ಕಣಗಳು ಮೇಲೇಳುವುದು ಆಗಲೇ. ಆ ಕ್ಷಣದಲ್ಲಿ, ನೇರ ಗೆರೆಗಳ ಅವಳಿ ಪಟ್ಟಿಗಳೊಂದಿಗೆ (ಹರಳಿನ ಜೋಡಣೆ ಕನ್ನಡಿಬಿಂಬದಂತೆ ತಿರುಗಿದ ಭಾಗಗಳು) ಚಿನ್ನದ ಕಣಗಳು ಒಂದೊಂದೇ ಬೇರೆ ಬೇರೆ ಛಾಯೆಯಲ್ಲಿ ತೆರೆದುಕೊಳ್ಳುವುದನ್ನು ನೋಡುವ ಸಂತೋಷ ನನಗೆ ಇಂದಿಗೂ ಕಡಿಮೆಯಾಗಿಲ್ಲ.

ಬೆಳ್ಳಿ ಹೆಚ್ಚಿರುವ ಚಿನ್ನಕ್ಕೆ ಪುಸ್ತಕಗಳು ಸೂಚಿಸುವುದು ಪೊಟ್ಯಾಸಿಯಂ ಸಯನೈಡ್ ಮತ್ತು ಅಮೋನಿಯಂ ಪರ್ಸಲ್ಫೇಟ್. ಎರಡರದೂ ಶೇ 10ರ ದ್ರಾವಣ, ಸಮಪಾಲು, ಬಳಸುವ ಹೊತ್ತಿಗೆ ಬೆರೆಸಿದ್ದು. ಫಲ ಅಚ್ಚುಕಟ್ಟು, ಪೊರೆಯ ಕಾಟವಿಲ್ಲ. ಆದರೂ ನಾನು ಇದನ್ನು ಕೊನೆಯ ಆಯ್ಕೆಯಾಗಿ ಇಟ್ಟಿದ್ದೇನೆ. ಸಯನೈಡಿಗೆ ಆಮ್ಲ ತಾಗಿದರೆ ಪ್ರಾಣಾಂತಕ ಅನಿಲ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆ ಆಮ್ಲ ಎಲ್ಲಿ ಅಡಗಿರುತ್ತದೆ ಎಂಬುದು ಗೊತ್ತಿರುವುದಿಲ್ಲ. ಮಾದರಿಗೂ ಅದನ್ನು ಹಿಡಿದಿರುವ ರಾಳದ ಅಚ್ಚಿಗೂ ನಡುವೆ ಕೂದಲೆಳೆಯ ಸಂದು ಇರುತ್ತದೆ. ಬೆಳಿಗ್ಗೆ ಅಕ್ವಾ ರೀಜಿಯಾದಲ್ಲಿ ಅದ್ದಿದ ಮಾದರಿ ಆ ಸಂದಿನಿಂದ ಮಧ್ಯಾಹ್ನವೂ ಆಮ್ಲ ಜಿನುಗಿಸಬಲ್ಲದು. ಆದ್ದರಿಂದ ಒಮ್ಮೆ ಆಮ್ಲ ಕಂಡ ಅಚ್ಚನ್ನು ಸಯನೈಡಿಗೆ ಒಯ್ಯುವುದಿಲ್ಲ. ಬೇರೆ ತುಂಡು, ಹೊಸ ಅಚ್ಚು, ಆಮ್ಲವೇ ಇಲ್ಲದ ಬೇರೆ ಫ್ಯೂಮ್ ಹುಡ್ (ಹೊಗೆಯನ್ನು ಹೊರಕ್ಕೆ ಹೀರುವ ಗೂಡು), ಜೊತೆಗೆ ಇನ್ನೊಬ್ಬರು. ಇಷ್ಟೂ ಇಲ್ಲದ ದಿನ ಆ ಕೆಲಸ ಮಾಡುವುದಿಲ್ಲ.

ಪ್ಲಾಟಿನಂ ಬೇರೆಯೇ ಜಾತಿ. ಕೋಣೆಯ ತಾಪದಲ್ಲಿ ಅಕ್ವಾ ರೀಜಿಯಾಕ್ಕೂ ಅದು ಸುಲಭವಾಗಿ ಬಗ್ಗುವುದಿಲ್ಲ; ಕಾಯಿಸಿದರೆ ಹೊಗೆ ಹೆಚ್ಚು, ಹಿಡಿತ ಕಡಿಮೆ. ನಾನು ವಿದ್ಯುತ್ತಿನ ದಾರಿ ಹಿಡಿದೆ. 100 ಮಿಲಿಲೀಟರ್ ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 10 ಗ್ರಾಂ ಉಪ್ಪು, ಎದುರಿಗೆ ಗ್ರಾಫೈಟ್ ಕಡ್ಡಿ, 3ರಿಂದ 6 ವೋಲ್ಟ್‌ನ ಪರ್ಯಾಯ ವಿದ್ಯುತ್ (ಎಸಿ). ಕ್ಲೋರಿನ್ ಏಳುವುದರಿಂದ ಇದೂ ಹುಡ್‌ನೊಳಗಿನ ಕೆಲಸವೇ. ಮೊದಲ ಸಲ ವಿದ್ಯುತ್ ಒಯ್ಯುವ ತಾಮ್ರದ ತಂತಿಯ ತುದಿ ದ್ರಾವಣಕ್ಕೆ ತಾಗಿ, ತಾಮ್ರವೇ ಕರಗಿ ದ್ರಾವಣ ಹಸಿರಾಗಿತ್ತು. ಈಗ ಪ್ಲಾಟಿನಂ ತಂತಿಯನ್ನೇ ಬಳಸುತ್ತೇನೆ. 3 ವೋಲ್ಟ್‌ನಲ್ಲಿ ಆರಂಭಿಸಿ, ಕೆಲವು ಸೆಕೆಂಡಿಗೊಮ್ಮೆ ತೆಗೆದು, ತೊಳೆದು, ನೋಡಿ, ಕಣಗಳ ಗಡಿ ತೆಳುವಾಗಿ ಮೂಡಿದೊಡನೆ ನಿಲ್ಲಿಸುತ್ತೇನೆ.