ಹೋಟೆಲ್ ಬೇಕಾದದ್ದು ಪಾರ್ಕಿಗೆ ಹೋಗದವರಿಗೆ

ನವೆಂಬರ್ ಮೊದಲ ವಾರ. ಹದಿನೈದು ದಿನ ಬಿಟ್ಟು ಬೆಂಗಳೂರು ಹತ್ತಿರ, ಬಿಡದಿ ಕಡೆಯ ವಂಡರ್‌ಲಾ ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೋಗುವುದಿತ್ತು. ಹುಬ್ಬಳ್ಳಿಯ ನವನಗರದ ನಮ್ಮ ಮನೆಯಲ್ಲಿ ಮಕ್ಕಳನ್ನು ಅಡುಗೆಮನೆ ಬಾಗಿಲಿಗೆ ಒರಗಿಸಿ ನಿಲ್ಲಿಸಿ ಟೇಪ್ ಹಿಡಿದೆವು. ಮಗಳು 84 ಸೆಂಟಿಮೀಟರ್. ನಾದಿನಿಯ ಮಗ 139. ವಂಡರ್‌ಲಾದಲ್ಲಿ ಮಕ್ಕಳ ಟಿಕೆಟ್‌ಗೆ ವಯಸ್ಸಿನ ಲೆಕ್ಕ ಇಲ್ಲ, ಎತ್ತರದ ಲೆಕ್ಕ. 85 ಸೆಂ.ಮೀ.ಗಿಂತ ಗಿಡ್ಡ ಇದ್ದರೆ ಪುಕ್ಕಟೆ, 85ರಿಂದ 140ರವರೆಗೆ ಮಕ್ಕಳ ಟಿಕೆಟ್, ಅದರ ಮೇಲೆ ದೊಡ್ಡವರದು. ಆದರೆ ಭಾರಿ ರೈಡ್‌ಗಳಲ್ಲಿ ಹಲವಕ್ಕೆ 140 ಆಗಿರಲೇಬೇಕು. ಹಾಗಾಗಿ ಮಗಳು ಇನ್ನು ಹದಿನೈದು ದಿನ ಬೆಳೆಯದಿದ್ದರೆ ಸಾಕು ಅಂತ ನಾವು, ಹದಿನೈದು ದಿನದಲ್ಲಿ ಒಂದು ಸೆಂಟಿಮೀಟರ್ ಬೆಳೆಯಲೇಬೇಕು ಅಂತ ಅವನು.

"ಮಾಮಿ, ಕೂದ್ಲಾನೂ ಸೇರಿಸಿ ಹಿಡೀರಿ" ಅಂತ ಜುಟ್ಟು ನೆಟ್ಟಗೆ ಮಾಡಿಕೊಂಡು ನಿಂತ. ಮಾವನವರು ಪೇಪರ್ ಓದುತ್ತಲೇ, "ಎಲ್ಲಾರ್ನೂ ಅಳೀರಿ, ನನ್ನ ಮೊಣಕಾಲೊಂದ ಬಿಡ್ರಿ" ಅಂದರು.

ಹೋದ ವರ್ಷ ಇದೇ ಪಾರ್ಕಿಗೆ ಹೋದಾಗ ನಾವು ಎಡವಿದ್ದು ಅಲ್ಲೇ, ಮೊಣಕಾಲನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಆಗ ಮಗಳಿಗೆ ಹದಿನಾಲ್ಕು ತಿಂಗಳು. ಮಾವನವರಿಗೆ ಮೊಣಕಾಲು ನೋವು, ಅತ್ತೆಗೆ ಸಕ್ಕರೆ ಕಾಯಿಲೆ, ರಾತ್ರಿ ಊಟಕ್ಕೆ ಮೊದಲು ಇನ್ಸುಲಿನ್ ಬೇಕು. ನಾನು ಮಾಡಿದ್ದೇನು ಅಂದರೆ, ಮ್ಯಾಪ್ ತೆಗೆದು ಪಾರ್ಕಿಗೆ ಹತ್ತಿರ ಇರುವ, ಫೋಟೊದಲ್ಲಿ ಚೆಂದ ಕಾಣುವ ಹೋಟೆಲ್ ಬುಕ್ ಮಾಡಿದೆ. ಎರಡು ಕಿಲೋಮೀಟರ್ ಅಂತ ಇತ್ತು. ಹೆಸರು ಬೇಡ, ಬಿಡಿ. ಹೋಗಿ ನೋಡಿದರೆ ಹೋಟೆಲ್ ಮೈಸೂರು ಹೆದ್ದಾರಿಯ ಈ ಕಡೆ, ಪಾರ್ಕ್ ಆ ಕಡೆ. ನಡುವೆ ಬೇಲಿ ಹಾಕಿದ ಎಕ್ಸ್‌ಪ್ರೆಸ್‌ವೇ. ಅದರ ಮೇಲೆ 2023ರ ಆಗಸ್ಟ್‌ನಿಂದ ಆಟೊ, ಬೈಕ್ ಬಿಡುವುದಿಲ್ಲ. ಆಟೊದವರು ಸರ್ವೀಸ್ ರಸ್ತೆ ಹಿಡಿದು, ಎಲ್ಲೋ ಇರುವ ಅಂಡರ್‌ಪಾಸ್‌ನಲ್ಲಿ ತೂರಿ, ಮತ್ತೆ ಹಿಂದಕ್ಕೆ ಬರಬೇಕು. ಎರಡು ಕಿಲೋಮೀಟರಿಗೆ ಇಪ್ಪತ್ತೈದು ನಿಮಿಷ. ಹೆಗಲ ಮೇಲೆ ಮಲಗಿದ ಕೂಸು, ಕೈಯಲ್ಲಿ ಒದ್ದೆ ಬಟ್ಟೆಯ ಚೀಲ, ಆಟೊ ಹತ್ತಲು ಕಾಲು ಎತ್ತಲಾಗದೆ ನಿಂತ ಮಾವ. ಆ ಚಿತ್ರ ನನಗೆ ಇನ್ನೂ ಹಾಗೇ ಇದೆ.

ಅದಕ್ಕಿಂತ ದೊಡ್ಡ ಪೆಟ್ಟು ಫ್ರಿಜ್‌ದು. ರೂಮಿನಲ್ಲಿ ಸಣ್ಣ ಫ್ರಿಜ್ ಇತ್ತು. ಕೂಸಿನ ಹಾಲು, ಅತ್ತೆಯ ಇನ್ಸುಲಿನ್ ಅದರೊಳಗೆ ಇಟ್ಟು, ಬಾಗಿಲು ಹಾಕಿಕೊಂಡು, ಕೀಲಿಯ ಬದಲು ಕೊಟ್ಟಿದ್ದ ಕಾರ್ಡ್ ತಗೊಂಡು ಹೋದೆವು. ಸಂಜೆ ಬಂದು ನೋಡಿದರೆ ಹಾಲು ಒಡೆದಿದೆ. ಗೋಡೆಯ ಸ್ಲಾಟ್‌ನಿಂದ ಕಾರ್ಡ್ ತೆಗೆದರೆ ಲೈಟ್, ಫ್ಯಾನ್ ಜೊತೆ ಫ್ರಿಜ್ಜೂ ಬಂದ್ ಆಗುತ್ತದೆ ಅಂತ ನಮಗೆ ಹೊಳೆದೇ ಇರಲಿಲ್ಲ. ಊರಲ್ಲಿ ಯಾರು ಮನೆಗೆ ಬೀಗ ಹಾಕುವಾಗ ಫ್ರಿಜ್ ಆರಿಸ್ತಾರೆ? ಅತ್ತೆ ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ಅಂದಿದ್ದರೆ ಚಲೋ ಇತ್ತು. ಆಮೇಲೆ ನಮ್ಮ ಡಾಕ್ಟರನ್ನು ಕೇಳಿದಾಗ ಸಮಾಧಾನವಾಯಿತು. ಬಳಸುತ್ತಿರುವ ಇನ್ಸುಲಿನ್ ಬಿಸಿಲಿಗೆ ಬೀಳದಂತೆ ಇಟ್ಟರೆ ಸಾಮಾನ್ಯವಾಗಿ ನಾಲ್ಕು ವಾರ ಹೊರಗಿದ್ದರೂ ನಡೆಯುತ್ತದಂತೆ. ಒಡೆಯದ ಹೊಸದನ್ನು ಮಾತ್ರ 2ರಿಂದ 8 ಡಿಗ್ರಿಯಲ್ಲಿ ಇಡಬೇಕು.

ಈ ವರ್ಷ ಏಳು ಜನ. ಮಾವ, ಅತ್ತೆ, ಗದಗಿನಿಂದ ನಮ್ಮ ಅವ್ವ, ನಾವಿಬ್ಬರು, ಮಗಳು, ನಾದಿನಿಯ ಮಗ. ಹೋಟೆಲ್ ಹುಡುಕುವ ಮೊದಲು ಒಂದು ಹಳೇ ನೋಟ್‌ಬುಕ್ ತೆಗೆದು ಒಂದೇ ಪ್ರಶ್ನೆ ಬರೆದೆ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಯಾರು ಎಲ್ಲಿರುತ್ತಾರೆ? ಬರೆದ ಮೇಲೆ ಗೊತ್ತಾಯಿತು. ನಾದಿನಿಯ ಮಗನಿಗೆ ಹೋಟೆಲ್ ಹೇಗಿದ್ದರೂ ಸರಿ, ಅವನು ಅಲ್ಲಿರುವುದು ಮಲಗಲು ಮಾತ್ರ. ಇವರೂ ಅಷ್ಟೇ. ಹಗಲು ಹೊತ್ತು ರೂಮಿನಲ್ಲಿ ಇರುವವರು ಮಾವ, ಅತ್ತೆ, ಅವ್ವ, ಮತ್ತೆ ನಿದ್ದೆಯ ಹೊತ್ತಿಗೆ ಮಗಳು. ನಾನು ಹೋದ ವರ್ಷ ಸ್ವಿಮ್ಮಿಂಗ್ ಪೂಲ್, ಗೇಮ್ ರೂಮ್ ನೋಡಿ ಹೋಟೆಲ್ ಆರಿಸಿದ್ದೆ. ಅಂದರೆ ಹೋಟೆಲ್‌ನಲ್ಲಿ ಇರದವರಿಗಾಗಿ ಹೋಟೆಲ್ ಆರಿಸಿದ್ದೆ.

ಮಾವ ಎಷ್ಟು ಹೊತ್ತು ನಡೆಯಬಲ್ಲರು ಅನ್ನೋದನ್ನು ಅವರನ್ನು ಕೇಳಿದರೆ ಸುಳ್ಳು ಹೇಳುತ್ತಾರೆ. "ನಾ ಇನ್ನಾ ಹೊಲಕ್ಕ ಹೋಗ್ತೀನಿ" ಅಂತಾರೆ. ಅದಕ್ಕೇ ಒಂದು ಭಾನುವಾರ ಎಲ್ಲರನ್ನೂ ಶಿಗ್ಗಾಂವಿ ಹತ್ತಿರದ ಗೊಟಗೋಡಿ ಉತ್ಸವ ರಾಕ್ ಗಾರ್ಡನ್‌ಗೆ ಕರೆದುಕೊಂಡು ಹೋದೆವು. ಹುಬ್ಬಳ್ಳಿಯಿಂದ ಹೆದ್ದಾರಿಯಲ್ಲೇ ಸಿಗುತ್ತದೆ, ಹೋಗಿ ಸಂಜೆಗೆ ವಾಪಸ್ ಬರಬಹುದು. ಹಳ್ಳಿ ಬದುಕಿನ ಆಳೆತ್ತರದ ಶಿಲ್ಪಗಳು. ಕಟ್ಟೆ ಮೇಲೆ ಕೂತ ಶಿಲ್ಪದ ಮುದುಕನಿಗೆ ಮಾವ "ಶರಣ್ರೀ" ಅಂದುಬಿಟ್ಟರು, ಅದು ಬೇರೆ ಕಥೆ. ನಾನು ನೋಡಿದ್ದು ಗಡಿಯಾರ. ಐವತ್ತು ನಿಮಿಷಕ್ಕೆ ಮಾವ ಕೂರಲು ಜಾಗ ಹುಡುಕಿದರು. ಒಂದೂವರೆ ತಾಸಿಗೆ ಮಗಳು ಕಿರಿಕಿರಿ ಶುರು ಮಾಡಿದಳು. ಎರಡು ತಾಸಾದರೂ ನಡೆಯುತ್ತಲೇ ಇದ್ದವರು ನಮ್ಮ ಅವ್ವ. ಅದು ನನಗೆ ಅಚ್ಚರಿ. ಅವ್ವನನ್ನು ನಾನು ರೂಮಿನಲ್ಲಿರುವವರ ಪಟ್ಟಿಗೆ ಸೇರಿಸಿದ್ದೆ. ಅಳಿಸಿದೆ.

ಬೆಂಗಳೂರಿನ ವಿಜಯನಗರದಲ್ಲಿ ನಮ್ಮವರ ಕಾಕಾನ ಮನೆ ಇದೆ. "ಮನಿ ಇರುವಾಗ ಲಾಡ್ಜ್ ಯಾಕ?" ಅಂತ ಫೋನಿನಲ್ಲಿ ಬೇಜಾರು ಮಾಡಿಕೊಂಡರು. ಬಿಡದಿ ಅಲ್ಲಿಂದ ದೂರ, ಸಂಜೆಯ ಟ್ರಾಫಿಕ್ ಬೇರೆ. ಆದರೆ ಅವರ ಮನೆ ಬೇರೊಂದಕ್ಕೆ ಉಪಯೋಗಕ್ಕೆ ಬಂತು. ರಾತ್ರಿ ರೈಲು ಬೆಳಗ್ಗೆ ಮುಟ್ಟುತ್ತದೆ, ಹೋಟೆಲ್‌ನಲ್ಲಿ ಚೆಕ್-ಇನ್ ಮಧ್ಯಾಹ್ನ. ನಡುವಿನ ಹೊತ್ತು ಅವರ ಮನೆಯಲ್ಲಿ ಜಳಕ, ನಾಷ್ಟಾ, ಹಿರಿಯರಿಗೆ ಒಂದು ಸಣ್ಣ ನಿದ್ದೆ. ಕಾಕಾನೂ ಖುಷಿ.

ಪಾರ್ಕಿಗೇ ಹೊಂದಿಕೊಂಡು ವಂಡರ್‌ಲಾ ರೆಸಾರ್ಟ್ ಇದೆ. ಸಿಕ್ಕರೆ ಅದನ್ನೇ ಹಿಡಿಯಿರಿ ಅಂತ ಯಾರಿಗಾದರೂ ಹೇಳುತ್ತೇನೆ, ರಸ್ತೆ ದಾಟುವ ಮಾತೇ ಇಲ್ಲವಲ್ಲ. ನಮಗೆ ಬೇಕಾದ ದಿನ ಅಕ್ಕಪಕ್ಕದ ಎರಡು ರೂಮು ಹೊಂದಲಿಲ್ಲ. ಹೀಗಾಗಿ ಪಾರ್ಕ್ ಇರುವ ಬದಿಯಲ್ಲೇ, ಸರ್ವೀಸ್ ರಸ್ತೆಗೆ ಬಾಗಿಲಿರುವ ಹೋಟೆಲ್‌ಗಳನ್ನಷ್ಟೇ ಹುಡುಕಿದೆ. ನಾಲ್ಕು ಸಿಕ್ಕವು. ನಾಲ್ಕಕ್ಕೂ ಫೋನ್ ಮಾಡಿದೆ.

ಆ್ಯಪ್‌ನಲ್ಲಿ ಬುಕ್ ಮಾಡುವುದು ಸುಲಭ, ಆದರೆ ಆ್ಯಪ್‌ಗೆ ಬಾತ್‌ರೂಮಿನ ಹೊಸ್ತಿಲು ಗೊತ್ತಿರುವುದಿಲ್ಲ. "ಬಾತ್‌ರೂಮಿನ ಒಂದು ವಿಡಿಯೊ ವಾಟ್ಸ್‌ಆ್ಯಪ್ ಮಾಡ್ತೀರಾ? ಬಾಗಿಲಿಂದ ಶುರು ಮಾಡಿ, ಕೆಳಗೆ ನೆಲ ಕಾಣೋ ಹಾಗೆ" ಅಂದೆ. ಒಬ್ಬರು "ಮೇಡಂ, ವೆಬ್‌ಸೈಟ್‌ನಲ್ಲಿ ಫೋಟೊ ಇದೆಯಲ್ಲ" ಅಂತ ಇಟ್ಟೇಬಿಟ್ಟರು. ಒಬ್ಬರು ಕಳಿಸಿದ್ದರಲ್ಲಿ ಸ್ನಾನ ಮಾಡಬೇಕಾದದ್ದು ಬಾತ್‌ಟಬ್‌ನೊಳಗೆ ನಿಂತು. ಮೊಣಕಾಲು ನೋವಿನವರು ಆ ಗೋಡೆ ದಾಟಿ ಒಳಗೆ ಹೋಗುವುದು ಹೇಗೆ? ಮೂರನೆಯದು ಚೊಕ್ಕ ಇತ್ತು, ಆದರೆ ಅಲ್ಲಿ ಬರೀ ಶವರ್. ಬಕೆಟ್, ಮಗ್ ಕೊಡ್ತೀರಾ ಅಂದರೆ ಆ ಹುಡುಗ ನಕ್ಕ. ನಗುವಂಥದ್ದೇನಿಲ್ಲ. ಎರಡು ವರ್ಷದ ಕೂಸಿಗೆ ಶವರ್ ಅಂದರೆ ಚೀರಾಟ. ಮಾವನವರಿಗೆ ತಂಬಿಗೆಯಲ್ಲಿ ಬಿಸಿನೀರು ಸುರಿದುಕೊಳ್ಳದಿದ್ದರೆ ಜಳಕ ಆದ ಹಾಗೇ ಅಲ್ಲ.

ನಾಲ್ಕನೆಯ ಹೋಟೆಲ್‌ನವರು ಕೇಳದೇನೇ ಸ್ಟೂಲ್ ಒಂದನ್ನು ಬಾತ್‌ರೂಮಿನಲ್ಲಿಟ್ಟು ವಿಡಿಯೊ ಮಾಡಿ ಕಳಿಸಿದರು. "ನಮ್ಮ ತಾಯಿಗೂ ಮೊಣಕಾಲು ನೋವು ಮೇಡಂ" ಅಂದರು. ಅಲ್ಲಿಗೆ ಅರ್ಧ ತೀರ್ಮಾನವಾಯಿತು. ಉಳಿದದ್ದನ್ನೂ ಕೇಳಿದೆ. ನೆಲಮಹಡಿಯಲ್ಲಿ ರೂಮಿದೆಯಾ? ಇಲ್ಲ, ಮೊದಲ ಮಹಡಿ, ಲಿಫ್ಟ್ ಇದೆ. ಕರೆಂಟ್ ಹೋದರೆ ಜನರೇಟರ್‌ನಲ್ಲಿ ಲಿಫ್ಟ್ ಓಡುತ್ತದಾ? ಓಡುತ್ತದೆ. ಎರಡನೇ ಕಾರ್ಡ್ ಕೊಡ್ತೀರಾ, ಫ್ರಿಜ್ ಆಫ್ ಆಗಬಾರದು? ಕೊಡುತ್ತೇವೆ. ಮಂಚ ಗೋಡೆಗೆ ಸರಿಸಬಹುದಾ? ಬೇಡ, ಎಕ್ಸ್‌ಟ್ರಾ ಬೆಡ್ ಕೆಳಗೇ ಹಾಸಿಕೊಡುತ್ತೇವೆ. ಇದು ನನಗಿಂತ ಅವರಿಗೇ ಚೆನ್ನಾಗಿ ಹೊಳೆದದ್ದು. ನಮ್ಮ ಮಗಳು ರಾತ್ರಿ ಮಂಚದ ತುಂಬ ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತಾಳೆ. ಹೋದ ವರ್ಷ ನಾನು ಇಡೀ ರಾತ್ರಿ ಅಂಚಿನಲ್ಲಿ ಗೋಡೆಯಾಗಿ ಮಲಗಿದ್ದೆ.

ಅವರಲ್ಲಿ ದೊಡ್ಡ ಫ್ಯಾಮಿಲಿ ಸೂಟ್ ಕೂಡ ಇತ್ತು, ರಾತ್ರಿಗೆ ₹13,000. ಎಲ್ಲರೂ ಒಂದೇ ಕಡೆ ಇರಬಹುದು ಅಂತ ಇವರಿಗೆ ಅದರ ಮೇಲೆ ಮನಸ್ಸು. ಎರಡು ರೂಮು ಅಂದರೆ ₹6,800ರಂತೆ ₹13,600. ಸೂಟೇ ಅಗ್ಗ ಅಲ್ವಾ ಅನಿಸುತ್ತದೆ. ಆದರೆ 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ₹7,500ರವರೆಗಿನ ರೂಮಿಗೆ ಜಿಎಸ್‌ಟಿ 5%, ಅದರ ಮೇಲೆ 18%. ಸೂಟ್ ₹15,340 ಆಯಿತು, ಎರಡು ರೂಮು ₹14,280. ಎರಡು ರೂಮು ಅಂದರೆ ಎರಡು ಬಾತ್‌ರೂಮು. ಏಳು ಜನಕ್ಕೆ ಬೆಳಗ್ಗೆ ಒಂದೇ ಬಾತ್‌ರೂಮು ಇದ್ದರೆ ಏನಾಗುತ್ತದೆ ಅಂತ ಮದುವೆಮನೆ ಕಂಡವರಿಗೆ ಹೇಳಬೇಕಾಗಿಲ್ಲ.

ರೈಲಿನ ಬಗ್ಗೆ ಒಂದು ಮಾತು. ಧಾರವಾಡದಿಂದ ವಂದೇ ಭಾರತ್ ಬೇಗ ಮುಟ್ಟುತ್ತದೆ, ಆದರೆ ಅದರಲ್ಲಿ ಕೂತೇ ಹೋಗಬೇಕು. ಮಾವನವರಿಗೆ ಕಾಲು ಚಾಚಬೇಕು, ಹಾಗಾಗಿ ರಾತ್ರಿ ರೈಲು. ಅತ್ತೆ ಮಾವನ ಟಿಕೆಟ್ ಬೇರೆ ಮಾಡಿಸಿದೆ. ಹಿರಿಯರ ಲೋವರ್ ಬರ್ತ್ ಕೋಟಾ ಒಂದು ಟಿಕೆಟ್‌ನಲ್ಲಿ ಇಬ್ಬರಿಗಿಂತ ಜಾಸ್ತಿ ಇದ್ದರೆ ಅನ್ವಯಿಸುವುದಿಲ್ಲ. ಗಂಡಸರಿಗೆ 60, ಹೆಂಗಸರಿಗೆ 45 ದಾಟಿರಬೇಕು. ಎಲ್ಲರನ್ನೂ ಒಂದೇ ಟಿಕೆಟ್‌ಗೆ ಸೇರಿಸಿ ಆಮೇಲೆ ಮೇಲಿನ ಬರ್ತ್ ಬಂತು ಅಂತ ಅಳುವವರನ್ನು ಬಹಳ ನೋಡಿದ್ದೇನೆ. ಇನ್ನು ನಮ್ಮ ಹುಬ್ಬಳ್ಳಿ ಪ್ಲಾಟ್‌ಫಾರ್ಮ್ 1,507 ಮೀಟರ್, ಜಗತ್ತಿನಲ್ಲೇ ಉದ್ದದ್ದು. ಹೆಮ್ಮೆ ಸರಿ, ಮೊಣಕಾಲಿಗೆ ಹೆಮ್ಮೆ ತಿಳಿಯುವುದಿಲ್ಲ. ಕೋಚ್ ಎಲ್ಲಿ ನಿಲ್ಲುತ್ತದೆ ಅಂತ ಮೊದಲೇ ಕೇಳಿಕೊಂಡು ಅಲ್ಲೇ ಕೂತೆವು. ತಮಾಷೆ ಅಂದರೆ ಆ ಪ್ಲಾಟ್‌ಫಾರ್ಮ್ ಮತ್ತು ಹೋದ ವರ್ಷ ನಮ್ಮನ್ನು ಸುತ್ತಾಡಿಸಿದ ಮೈಸೂರು ಹೆದ್ದಾರಿ, ಎರಡೂ ಉದ್ಘಾಟನೆ ಆದದ್ದು ಒಂದೇ ದಿನ, 2023ರ ಮಾರ್ಚ್ 12.

ಬೆಂಗಳೂರಿನಿಂದ ಎರಡು ದಿನಕ್ಕೆ ಇನ್ನೋವಾ ಹಿಡಿದೆವು. ಪಾರ್ಕಿನ ದಿನ ಬುಧವಾರ, ವಾರಾಂತ್ಯಕ್ಕಿಂತ ಟಿಕೆಟ್ ಕಡಿಮೆ, ಜನವೂ ಕಡಿಮೆ. ಬೆಳಗ್ಗೆ ಎಲ್ಲರೂ ಬಿಡದಿಯ ತಟ್ಟೆ ಇಡ್ಲಿ ತಿಂದೆವು. ಮಗಳು ಬೆಣ್ಣೆ ನೆಕ್ಕಿದಳು, ಅತ್ತೆ ಅರ್ಧ ತಿಂದು "ಮೆತ್ತಗ ಐತಿ, ಆದ್ರ ಚಟ್ನಿಗೆ ಖಾರಿಲ್ಲ" ಅಂದರು. ಮಾವ, ಅತ್ತೆ ಪಾರ್ಕಿನ ಟಿಕೆಟ್ ತಗೊಳ್ಳಲೇ ಇಲ್ಲ. ಇದಕ್ಕೆ ಇವರು ಒಪ್ಪಿರಲಿಲ್ಲ, ಅಪ್ಪನನ್ನು ಬಿಟ್ಟು ಹೇಗೆ ಹೋಗುವುದು ಅಂತ. ಮಾವನವರೇ, "ನಂಗ ಅಲ್ಲಿ ಏನ್ ತೂಗ್ಯಾಡೂದೈತಿ? ಮರುದಿನ ಜಾನಪದ ಲೋಕಕ್ಕ ಕರ್ಕೊಂಡ ಹೋಗ್ರಿ, ಸಾಕು" ಅಂದರು. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಅದೇ ರಸ್ತೆಯಲ್ಲಿ, ರಾಮನಗರದ ಹತ್ತಿರ. ಮರುದಿನ ಅಲ್ಲಿ ಹಳೇ ನೇಗಿಲು, ಕೂರಿಗೆ ನೋಡುತ್ತ ಅವರು ಮೊಣಕಾಲನ್ನೇ ಮರೆತರು.

ಪಾರ್ಕಿನಲ್ಲಿ ನಮ್ಮ ಲೆಕ್ಕ ಸರಿಯಾಗಿಯೇ ನಡೆಯಿತು. ಗೇಟಿನಲ್ಲಿ ಮಗಳು ಪುಕ್ಕಟೆ ಹೋದಳು. ನಾದಿನಿಯ ಮಗ ಇನ್ನೂ 139, ಮುಖ ಊದಿಸಿಕೊಂಡ. ಒಂದು ಗಂಟೆಗೆ ಮಗಳ ಕಣ್ಣು ಎಳೆಯತೊಡಗಿತು. ನಾನು ಅವಳನ್ನೆತ್ತಿಕೊಂಡು ಹೊರಗೆ ಬಂದೆ. ಹೋದ ವರ್ಷ ಇಪ್ಪತ್ತೈದು ನಿಮಿಷ, ಈ ಸಲ ಎಂಟು. ರೂಮಿನಲ್ಲಿ ಅತ್ತೆ ಕೆಳಗಿನ ಹಾಸಿಗೆ ತಯಾರಿಟ್ಟಿದ್ದರು. ಹೊರಗೆ ಹೋದವರನ್ನು ಮತ್ತೆ ಒಳಗೆ ಬಿಡುತ್ತಾರಾ ಅನ್ನೋದು ನನಗೆ ಮುಖ್ಯವಾಗಿರಲಿಲ್ಲ, ನನ್ನ ಪಾಲು ಅಲ್ಲಿಗೆ ಮುಗಿಯಿತು ಅಂದುಕೊಂಡೇ ಟಿಕೆಟ್ ತಗೊಂಡಿದ್ದೆ. ಮತ್ತೆ ಹೋಗುವವರು ಇದನ್ನು ಗೇಟಿನಲ್ಲಿ ಮೊದಲೇ ಕೇಳಿಕೊಳ್ಳಿ.

ಕೇಳದೇ ಬಿಟ್ಟದ್ದು ಒಂದೇ, ರಾತ್ರಿ ಊಟ ಎಷ್ಟಕ್ಕೆ ಅಂತ. ಬಫೆ ಶುರುವಾಗುವುದು ಎಂಟಕ್ಕೆ. ಅತ್ತೆಯ ಇನ್ಸುಲಿನ್ ಏಳಕ್ಕೆ, ಮಗಳ ನಿದ್ದೆ ಏಳೂವರೆಗೆ. ತಪ್ಪು ನನ್ನದೇ. ಕಟಕ್ ರೊಟ್ಟಿ, ಶೇಂಗಾ ಚಟ್ನಿ ಡಬ್ಬಿಯಲ್ಲಿತ್ತು, ಕೆಳಗಿನಿಂದ ಮೊಸರು ತರಿಸಿದೆವು. ಹಾಸಿಗೆ ಮೇಲೆ ಪೇಪರ್ ಹಾಸಿಕೊಂಡು ಉಂಡೆವು. ಮರುದಿನ ಏಳಕ್ಕೇ ಅನ್ನ ಸಾರು ರೂಮಿಗೆ ಕೊಡಿ ಅಂತ ಬೆಳಗ್ಗೆಯೇ ಹೇಳಿಟ್ಟೆ, ಕೊಟ್ಟರು.

ಅವ್ವನ ಮಾತು ಉಳಿಯಿತು. ನೀರಿನ ರೈಡ್‌ಗಳಿಗೆ ಹತ್ತಿ ಬಟ್ಟೆ, ಸೀರೆ ನಡೆಯುವುದಿಲ್ಲ, ನೈಲಾನ್ ಬೇಕು. ಹುಬ್ಬಳ್ಳಿಯ ದುರ್ಗದಬೈಲು ಪೇಟೆಯಲ್ಲಿ ಅವ್ವನಿಗೂ ಒಂದು ಉದ್ದ ತೋಳಿನ ಕಪ್ಪು ನೈಲಾನ್ ಡ್ರೆಸ್ ತಗೊಂಡಿದ್ದೆ. "ಈ ವಯಸ್ಸಿನ್ಯಾಗ ನಾ ಇದನ್ನ ಹಾಕ್ಕೊಂಡ ಮಂದಿ ಮುಂದ ನಿಂದ್ರಲ್ಯಾ? ದುಡ್ಡು ದಂಡ" ಅಂದಿದ್ದರು. 60 ದಾಟಿದವರಿಗೆ ರಿಯಾಯಿತಿ ಇದೆ ಅಂತ ಆಧಾರ್ ತೋರಿಸಿ ಟಿಕೆಟ್ ತಗೊಂಡದ್ದು ಮಾತ್ರ ಖುಷಿಯಿಂದಲೇ. ನಾನು ಮಗಳನ್ನು ಕರೆದುಕೊಂಡು ಬಂದ ಮೇಲೆ ಏನಾಯಿತೋ ನೋಡಲಿಲ್ಲ. ಸಂಜೆ ಇವರ ಫೋನಿನಲ್ಲಿ ನೋಡಿದೆ. ವೇವ್ ಪೂಲ್‌ನಲ್ಲಿ ಎದೆಮಟ್ಟದ ನೀರು, ಅಲೆ ಬರುವ ಮುಂಚೆ ಅವ್ವ ಮೂಗು ಹಿಡಿದುಕೊಂಡು ನಿಂತಿದ್ದಾರೆ, ಪಕ್ಕದಲ್ಲಿ ನಾದಿನಿಯ ಮಗ ಅವರ ಕೈ ಹಿಡಿದಿದ್ದಾನೆ. ಮೂರು ಸಲ ಹೋದರಂತೆ.

ಹೋದ ತಿಂಗಳು ಗದಗಿಗೆ ಹೋಗಿದ್ದೆ. ಅವ್ವನ ಟ್ರಂಕಿನಲ್ಲಿ ಇಳಕಲ್ ಸೀರೆಗಳ ಮೇಲೆ ಆ ಕಪ್ಪು ನೈಲಾನ್ ಡ್ರೆಸ್ ಮಡಚಿಟ್ಟಿತ್ತು, ನಡುವೆ ಎರಡು ಡಾಂಬರ ಗುಳಿಗೆ. ಇದನ್ಯಾಕ ಇಟ್ಟಿ ಅಂದೆ.

"ಇರ್ಲಿ ಬಿಡು" ಅಂದರು. "ಬೇಕಾಗ್ತೈತಿ."